ಇಪ್ಪತ್ತೇಳೂವರೆ ಇಂಚಿನ ಸೈಕಲ್ ಯಾರದು?

ಸೇಡಂನಲ್ಲಿ ಸೈಕಲ್ ಅಂಗಡಿ ತೆರೆದು ಇಪ್ಪತ್ತಾರು ವರ್ಷವಾಯಿತು. ಮಾರಿದ ಸೈಕಲ್‌ಗಳೆಲ್ಲ ಎಲ್ಲಿ ನೆನಪಿರುತ್ತವೆ? ಆದರೆ ನಾಲ್ಕು ವರ್ಷದ ಹಿಂದೆ, ಮಳೆಗಾಲದ ಆರಂಭದಲ್ಲಿ ಮಾರಿದ ಒಂದು ಮೌಂಟನ್ ಬೈಕ್ ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕೊಡ್ಲಿ ಕಡೆಯ ರೈತ ಮಲ್ಲಣ್ಣ ಬಂದವರೇ ಇಪ್ಪತ್ತೊಂಬತ್ತು ಇಂಚಿನ ಚಕ್ರದ ಸೈಕಲ್ ಏರಿ ಕುಳಿತರು. ಆರಡಿಯ ಆಳಿಗೆ ಹೇಳಿ ಮಾಡಿಸಿದಂತಿತ್ತು. ‘ಇದೇ ಇರಲಿ’ ಎಂದರು. ಓಡಿಸುವವರು ಯಾರೆಂದು ಕೇಳಿದೆ. ‘ನಮ್ಮ ತಮ್ಮನ ಹೇಣ್ತಿರಿ’ ಎಂದು ಬಾಗಿಲ ಕಡೆ ತೋರಿಸಿದರು. ತಲೆ ಮೇಲೆ ಸೆರಗು ಹೊದ್ದು, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಶಾಂತಮ್ಮ ನಿಂತಿದ್ದರು. ಎತ್ತರ ಐದಡಿ ಇದ್ದೀತು. ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಕಡೆ ಸೈಕಲ್ ಇಡೀ ಮನೆಯ ಸ್ವತ್ತು. ಯಾರಿಗಾಗಿ ಕೊಂಡರೂ ಅಳತೆ ನೋಡುವುದು ಮನೆಯ ಎತ್ತರದ ಗಂಡಸಿನ ಕಾಲಿಗೆ.

ಶಾಂತಮ್ಮ ಪಶು ಸಖಿ. ತಾಂಡಾಗಳಿಗೆ ಹೋಗಿ ಆಡು ಕುರಿಗಳಿಗೆ ಜಂತಿನ ಔಷಧಿ ಕುಡಿಸುವ ಕೆಲಸ. ಆಡುಗಳು ಮೇಯಲು ಹೊರಡುವ ಮುಂಚೆ ಅಲ್ಲಿಗೆ ತಲುಪದಿದ್ದರೆ ಅಂದಿನ ಕೆಲಸ ಕೆಟ್ಟಂತೆ. ಹಿಂದಿನ ವಾರ ಮನೆಯ ಎತ್ತರದ ಹಳೇ ಸೈಕಲ್‌ನಿಂದ ಕೆಸರಲ್ಲಿ ಬಿದ್ದಿದ್ದರು. ‘ಇನ್ನೊಂದ್ಸಲ ಬಿದ್ರ ಕೆಲಸ ಬಿಡು ಅಂದೀವ್ರಿ’ ಎಂದರು ಮಲ್ಲಣ್ಣ.

ದೊಡ್ಡ ಚಕ್ರ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ, ನಿಜ. ಆದರೆ ಜಾರಿದಾಗ ಕಾಲು ನೆಲಕ್ಕೆ ಮುಟ್ಟಬೇಕಲ್ಲ? ಇಪ್ಪತ್ತೇಳೂವರೆ ಇಂಚಿನ ಚಕ್ರದ ಸಣ್ಣ ಫ್ರೇಮ್ ಮುಂದಿಟ್ಟೆ. ಅದರಲ್ಲಿ ಎರಡು ಬಗೆ. ಸ್ಟೀಲ್ ಭಾರ, ಆದರೆ ಮುರಿದರೆ ಊರಿನ ವೆಲ್ಡರನೇ ಕೂಡಿಸುತ್ತಾನೆ. ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ, ಹಗುರ; ಮುರಿದರೆ ಇಲ್ಲಿ ಕೇಳುವವರಿಲ್ಲ. ನನ್ನ ಒಲವು ಸ್ಟೀಲ್ ಕಡೆಗಿತ್ತು.

ದಾರಿ ಹೇಗಿದೆ ಎಂದರೆ ಮಲ್ಲಣ್ಣನೇ ಉತ್ತರ ಕೊಡತೊಡಗಿದರು. ‘ಅವರೇ ಹೇಳಲಿ’ ಎಂದೆ. ಭಾವನ ಎದುರು ಬಾಯಿ ತೆರೆಯದ ರೂಢಿ. ಶಾಂತಮ್ಮ ನನ್ನತ್ತಲೇ ನೋಡುತ್ತಾ ಹೇಳಿದರು: ‘ಹಳ್ಳಕ್ಕ ನೀರು ಬಂದ್ರ ಹೆಗಲ ಮ್ಯಾಲ ಹೊತ್ಗೊಂಡು ದಾಟಬೇಕ್ರಿ. ಎರಿ ಮಣ್ಣು ಮೆತ್ಗೊಂಡ್ರ ಭಾಳ ವಜ್ಜಿ.’

ಭಾರದ ಮಾತು ಬಂತಲ್ಲ, ಸ್ಟೀಲ್, ಅಲಾಯ್ ಎರಡನ್ನೂ ಎತ್ತಿ ನೋಡಲು ಹೇಳಿದೆ. ಸ್ಟೀಲ್ ಸೊಂಟದವರೆಗೆ ಬಂದು ನಿಂತಿತು. ಅಲಾಯ್ ಹೆಗಲೇರಿತು, ಅದನ್ನು ಹೊತ್ತೇ ಅಂಗಡಿಯ ಮೆಟ್ಟಿಲು ಇಳಿದು ಹತ್ತಿದರು. ನನ್ನ ಒಲವಿನ ಮಾತು ಅಲ್ಲಿಗೇ ಮುಗಿಯಿತು.

ಮಲ್ಲಣ್ಣ ಬಿಡಲಿಲ್ಲ. ‘ಸೀಟು ಎತ್ತಿದ್ರ ನಾನೂ ಹೊಲಕ್ಕ ಒಯ್ಯಬಹುದಲ್ರಿ?’

ಒಯ್ಯಬಹುದಿತ್ತು. ಸೀಟಿನ ಲಿವರ್ ಕೈಯಿಂದಲೇ ಸಡಿಲಾಗುವಂಥದ್ದು. ಲಿವರ್ ಬೇಡವಾದರೆ ಬೋಲ್ಟ್ ಹಾಕಬೇಕು, ಆಗ ಪಾನಾ, ಅಂದರೆ ಸ್ಪ್ಯಾನರ್, ಇಲ್ಲದೆ ಸೀಟು ಅಲುಗುವುದಿಲ್ಲ ಎಂದು ತಿಳಿಸಿದೆ.

ಶಾಂತಮ್ಮ ಮೊದಲ ಸಲ ಅವರ ಕಡೆ ತಿರುಗಿದರು. ‘ಭಾವಾರ, ಮುಂಜಾನಿ ನೀವು ಒಯ್ದ್ರ ನಾ ಹ್ಯಾಂಗ ಹೋಗ್ಲಿರಿ? ಇದು ನಂದೇ ಇರಲಿ.’

ಮಲ್ಲಣ್ಣ ಆ ಮಣಿಕಟ್ಟಿನ ಪಟ್ಟಿಯನ್ನೊಮ್ಮೆ ನೋಡಿ, ಸೈಕಲ್‌ನ ಸೀಟನ್ನು ತಾವೇ ಕೆಳಗಿಳಿಸಿದರು.

‘ಬೋಲ್ಟ್ ಹಾಕ್ರಿ’ ಎಂದರು. ‘ಪಾನಾ ಆಕಿ ಕೈಯಾಗ ಕೊಡ್ರಿ.’

ಚಕ್ರದ ಅಳತೆ, ಫ್ರೇಮಿನ ಲೋಹ ಯಾವುದಿರಬೇಕೆಂದು ನಾನು ಹೇಳಬಲ್ಲೆ. ಸೈಕಲ್ ಯಾರದೆಂದು ಹೇಳುವುದು ನನ್ನ ಕೈಯಲ್ಲಿಲ್ಲ. ಆದರೆ ಸೈಕಲ್ ಮನೆಗೆ ಹೋಗುವ ಮುಂಚೆ, ಅಂಗಡಿಯಲ್ಲೇ, ಆ ಮಾತು ಓಡಿಸುವವರ ಬಾಯಿಂದಲೇ ಬರಲಿ ಎಂದು ಇಂದಿಗೂ ಕಾಯುತ್ತೇನೆ.