ಅಕ್ಕನ ಫೋಟೊ ಇದ್ದ ರೀಲು

ಕಾಯಿಲೆಯಿಂದ ಕೂದಲೆಲ್ಲ ಉದುರಿದ ಮೇಲೆ ಕಲ್ಯಾಣದುರ್ಗದ ನನ್ನ ಅಕ್ಕ ಯಾರ ಫೋನಿಗೂ ಮುಖ ಕೊಡುತ್ತಿರಲಿಲ್ಲ. ನನ್ನ ಗಂಡ ಹವ್ಯಾಸಕ್ಕೆಂದು ಇಟ್ಟುಕೊಂಡಿದ್ದ, ರೀಲು ಹಾಕುವ ಹಳೆಯ ಜಪಾನಿ ಡಬ್ಬಿ ಕ್ಯಾಮೆರಾಕ್ಕೆ ಮಾತ್ರ ಒಪ್ಪಿದಳು.

"ಇದು ಒಳ್ಳೇ ಡಬ್ಬ ಕಣಪ್ಪ, ತಕ್ಷಣ ಮುಖ ತೋರ್ಸಿ ಎದೆ ಒಡಿಯಲ್ಲ. ತೆಗಿ. ನಾನು ಹೋದ್ಮೇಲೆ ಇದನ್ನೇ ಗೋಡೆಗೆ ಹಾಕ್ರಿ" ಎಂದು ನಕ್ಕಳು.

ರೀಲಿನಲ್ಲಿ ಇನ್ನೂ ನಾಲ್ಕು ಫೋಟೊ ತೆಗೆಯುವುದು ಉಳಿದಿದ್ದರಿಂದ ತೊಳೆಯಲು ಕೊಟ್ಟಿರಲಿಲ್ಲ. ಅಷ್ಟರಲ್ಲಿ ಹಿಂದೂಪುರದ ನಮ್ಮ ಮನೆಯಲ್ಲಿ ಆಯುಧಪೂಜೆ ಬಂತು. ನಾವು ನೇಯುವವರು, ಮಗ್ಗಕ್ಕೆ ಮಾತ್ರವಲ್ಲ, ನೂಲು ಹಾಯಿಸುವ ಲಾಳಿಯ ಹೊಟ್ಟೆಯೊಳಗೂ ಒರೆಸಿ ಕುಂಕುಮವಿಡುವುದು ರೂಢಿ. ಅದೇ ಕೈಯಲ್ಲಿ ನಾನು ಕ್ಯಾಮೆರಾದ ಹಿಂಬದಿಯನ್ನು ತೆರೆದು, ರೀಲು ಬಿಚ್ಚಿ, ಬಿಸಿಲಲ್ಲಿ ಕೂತು ಒರೆಸಿದೆ.

"ಅಯ್ಯೋ, ಬೆಳಕು ಬಿತ್ತಲ್ಲೇ! ಎಲ್ಲಾ ಹೋಯ್ತು" ಎಂದು ಗಂಡ ಓಡಿಬಂದು ರೀಲು ಕಸಿದುಕೊಂಡರು.

ಮರುದಿನ ಅಕ್ಕ ಫೋನು ಮಾಡಿದಳು. "ಫೋಟೊ ಬಂತೇನೇ?"

"ಬಂತು ಕಣಕ್ಕ."

"ನಗ್ತಾ ಇದ್ದೀನಾ?"

"ಹೂಂ, ಚೆಂದಾಗಿ ನಗ್ತಾ ಇದ್ದೀಯ."

"ಹಂಗಾರೆ ಕಟ್ಟು ಹಾಕ್ಸಿ ಇಟ್ಕಾ. ನಂಗೆ ತೋರಿಸ್ಬ್ಯಾಡ."

ತಿಂಗಳೊಳಗೆ ಅವಳು ಹೋದಳು. ಹನ್ನೊಂದನೆಯ ದಿನ ಅವಳ ಮಗಳು ಹೂವಿನ ಹಾರ ಹಿಡಿದು ನನ್ನ ಮುಂದೆ ನಿಂತಳು.

"ಚಿಕ್ಕಮ್ಮ, ಅಮ್ಮ ನಗ್ತಾ ಇರೋ ಫೋಟೊ ತಂದಿದ್ದೀಯಾ?"