ಮುನಸೀಫರು ಕುಡಿದ ನೀರು

ಹೈಕೋರ್ಟಿನಲ್ಲಿ ಬಹಳ ವರ್ಷ ನ್ಯಾಯಾಧೀಶರಾಗಿದ್ದ ಅವರು ನಿವೃತ್ತರಾದಾಗ, ಅವರ ಬಗ್ಗೆ ಬರೆಯುವ ಕೆಲಸ ಪತ್ರಿಕೆಯಲ್ಲಿ ನನ್ನ ಪಾಲಿಗೆ ಬಂತು. ದೊಡ್ಡ ತೀರ್ಪುಗಳ ವಿವರ ಅಚ್ಚಾಯಿತು. ಅವರು ಗೋಕಾಕಿನಲ್ಲಿ ಮುನಸೀಫರಾಗಿದ್ದಾಗ, ಅಲ್ಲಿಂದ ಸುದ್ದಿ ಕಳಿಸುತ್ತಿದ್ದ ನಾನು ಕಣ್ಣಾರೆ ಕಂಡ ಒಂದು ಸಂಗತಿಗೆ ಮಾತ್ರ ಜಾಗ ಸಿಗಲಿಲ್ಲ.

ಅವರು ಹುಕ್ಕೇರಿಯ ಸಾಲೆಯಲ್ಲಿ ಓದಿದವರು. ಹೊಲ, ಬಾವಿಯ ತಂಟೆಯಾದರೆ ಸ್ವತಃ ಹೋಗಿ ನೋಡುತ್ತಿದ್ದರು. ಹೋದಲ್ಲಿ ಯಾರ ಮನೆಯ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ರೊಟ್ಟಿ, ಒಂದು ಕೊಡ ನೀರು ಚಕ್ಕಡಿಯಲ್ಲೇ ಬರುತ್ತಿದ್ದವು.

ಆ ದಿನ ಮುನಸೀಫರು, ಅವರ ಕಾರಕೂನ, ನಾನು ಮೂಡಲಗಿ ಕಡೆ, ತುಕ್ಕಾನಟ್ಟಿಯ ಒಂದು ಹೊಲಕ್ಕೆ ಹೊರಟಿದ್ದೆವು. ಗಂಡನ ಕಾಲದಿಂದಲೂ ಬಾವಿಯಲ್ಲಿ ದಿನ ಬಿಟ್ಟು ದಿನ ನೀರೆತ್ತುವ ಪಾಳಿ ತಮಗಿದೆಯೆಂದು ಒಬ್ಬ ವಿಧವೆ ದಾವೆ ಹಾಕಿದ್ದರು. ಬಾವಿ ಪೂರಾ ನನ್ನದು, ಆಕೆಗೆ ಏನೂ ಇಲ್ಲ ಎಂಬುದು ಮೈದುನನ ವಾದ. ಆಕೆಯ ಬಳಿ ಒಂದು ಕಾಗದವೂ ಇರಲಿಲ್ಲ. ಪಾಳಿ ಹೋದರೆ ಅರಿಷಿಣದ ಬೆಳೆಯೂ ಹೋದಂತೆಯೇ.

ದಾರಿಯಲ್ಲಿ ಹಳ್ಳ ದಾಟುವಾಗ ಚಕ್ಕಡಿ ವಾಲಿ ಕೊಡ ಬರಿದಾಯಿತು. ಮೈದುನ ಜಮಖಾನೆ ಹಾಸಿ, ಹೋಳಿಗೆ ಮಾಡಿಸಿಟ್ಟು ಕಾದಿದ್ದ. ಮುನಸೀಫರು ಕೈಮುಗಿದು ಬೇಡವೆಂದರು. ಬಿಸಿಲಲ್ಲಿ ಬಾವಿ, ಕಾಲುವೆಗಳನ್ನೆಲ್ಲ ಅಳೆದು ಮುಗಿಸುವ ಹೊತ್ತಿಗೆ ಅವರ ಬಾಯಿ ಒಣಗಿತ್ತು. ವಿಧವೆ ಬೆಲ್ಲ, ಅದೇ ಬಾವಿಯ ಒಂದು ತಂಬಿಗೆ ನೀರು ತಂದಿಟ್ಟರು. ಬೆಲ್ಲವನ್ನು ಪಕ್ಕಕ್ಕೆ ಸರಿಸಿ ಅವರು ನೀರನ್ನಷ್ಟೇ ಕುಡಿದರು.

ಮೈದುನನಿಗೆ ತಡೆಯಲಾಗಲಿಲ್ಲ. "ಇದ್ಯಾವ ನ್ಯಾಯರಿ ಸಾಹೇಬ್ರ? ನಮ್ಮ ಮನಿ ಹೋಳಿಗಿ ಬ್ಯಾಡಂದ್ರಿ, ಆಕಿ ನೀರು ಕುಡದ್ರಿ."

ಜೊತೆಗೆ ಬಂದಿದ್ದ ಅವನ ವಕೀಲರು ಅಂಗಿ ಹಿಡಿದು ಜಗ್ಗಿದರು. ಅವನು ಕೊಸರಿಕೊಂಡ. "ಸುಮ್ನಿರ್ರಿ ವಕೀಲ್ರ. ಬೇಕಂತನ ಆಕಿ ಪಾಳಿ ಇರೂ ದಿನಾನ ನೋಡಿ ಬಂದಾರ ಇವರು."

ವಕೀಲರು ಛತ್ರಿ ಮಡಚಿ ಬೇವಿನ ಬುಡದಲ್ಲಿ ಕುಳಿತುಬಿಟ್ಟರು.

ಮುನಸೀಫರು ಮೀಸೆ ಒರೆಸಿಕೊಂಡು ತಪ್ಪು ತಮ್ಮದೇ ಎಂದರು. ಕಾರಕೂನನನ್ನು ಕರೆದು ಮೊದಲು ತಾವು ನೀರು ಕುಡಿದದ್ದನ್ನು, ನಂತರ ಮೈದುನನ ತಕರಾರನ್ನು ಅವನ ಮಾತಿನಲ್ಲೇ ಬರೆಸಿದರು. ಎಲ್ಲರೆದುರು ಓದಿಸಿದರು. ಆಕೆಯ ನೀರು, ಆಕೆಯ ಪಾಳಿಯ ದಿನ ಎಂಬ ಮಾತು ಬಂದಾಗ ಮೈದುನನ ಮುಖ ಇಳಿಯಿತು.

"ಏನರ ತಿದ್ದೂದೈತೇನ್ರಿ?" ಎಂದು ಮುನಸೀಫರು ಶಾಂತವಾಗಿ ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ವಿಧವೆ ನಕ್ಕರು. "ಹೆಬ್ಬಟ್ಟು ಒತ್ತೋ ತಮ್ಮಾ. ವರ್ಷಾತು, ಇವತ್ತ ಖರೆ ಮಾತಾಡೀದಿ."

ಮೈದುನ ಕಾರಕೂನನ ಮುಂದೆ ಕುಳಿತ. "ಪಾಳಿ ಇತ್ತು ಬಿಡ್ರಿ. ನಮ್ಮಣ್ಣನ ಇಟ್ಟಿದ್ದ," ಎಂದು ಹೆಬ್ಬಟ್ಟು ಒತ್ತಿದ.

ರಾಜಿ ಪತ್ರ ಅಲ್ಲೇ ಸಿದ್ಧವಾಯಿತು. ಕಾರಕೂನ ಅದರ ನಕಲು ಮುಗಿಸುವಷ್ಟರಲ್ಲಿ ಮೈದುನನೇ ಎತ್ತು ಹೂಡಿ ಆಕೆಯ ಹೊಲಕ್ಕೆ ನೀರೆತ್ತತೊಡಗಿದ್ದ. ವಿಧವೆ ಸಲಿಕೆ ಹಿಡಿದು ಕಾಲುವೆಯ ಬಾಯಿ ಬಿಡಿಸುತ್ತ, ಎತ್ತುಗಳನ್ನು ಇನ್ನಷ್ಟು ಜೋರಾಗಿ ಹೊಡೆಯೆಂದು ಅವನನ್ನು ಗದರಿಸುತ್ತಿದ್ದರು.