ಮಿಂಚುಳ್ಳಿಯ ನೆಗೆಟಿವ್

ಲಕೋಟೆ ಒಡೆದ ಕೂಡಲೇ ನುಸಿಗುಳಿಗೆಯ ವಾಸನೆ. ಹಂಪನಕಟ್ಟೆಯ ನಮ್ಮ ವಕೀಲರ ಆಫೀಸಿಗೆ ಹತ್ತು ವರ್ಷ ಹಿಂದಿನ ಕಾಲೇಜು ಮ್ಯೂಸಿಯಂ ಬಂದು ಕೂತ ಹಾಗೆ... ಗಾಜಿನ ಬೀರು, ಒಳಗೆ ಹತ್ತಿ ತುಂಬಿದ ಹಕ್ಕಿಗಳು, ಅವುಗಳ ಧೂಳು ಹೊಡೆಯುತ್ತಿದ್ದ ಅಟೆಂಡರಣ್ಣ.

ರಜೆಯ ದಿನ ಅವರು ಹಳೆಯ ಕ್ಯಾಮೆರಾ ಹೆಗಲಿಗೇರಿಸಿ ಹಕ್ಕಿಗಳ ಹಿಂದೆ ಹೋಗುತ್ತಿದ್ದರು. ಹಾಗೆಂದು ಅವರೇ ಹೇಳುತ್ತಿದ್ದದ್ದು. ಕಂಡವರು ಯಾರೂ ಇರಲಿಲ್ಲ. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ಕಾಲೇಜಿನ ಪ್ರದರ್ಶನಕ್ಕೆ ಅವರು ಮಿಂಚುಳ್ಳಿಯ ಫೋಟೋ ಇಟ್ಟರು. ಗೂಟದ ಮೇಲೆ ಹಕ್ಕಿ, ಕೊಕ್ಕಿನಲ್ಲಿ ಮೀನು. ಒಂದು ಗರಿಯೂ ಅಲುಗಿರಲಿಲ್ಲ. ಹಿಂದೆ ಬರೀ ಬಿಳಿ, ಆಕಾಶವೋ, ಬೆಡ್‌ಶೀಟೋ? ಬೀರುವಿನಲ್ಲಿ ಅಂಥದ್ದೇ ಮಿಂಚುಳ್ಳಿ ಇತ್ತು. ನಾನು ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ಹೊಸತು. ಬಿಡುತ್ತೇನೆಯೇ?

"ಬೀರುವಿನ ಕೀ ನಿಮ್ಮ ಜೇಬಿನಲ್ಲೇ ಉಂಟಲ್ಲ ಅಣ್ಣ?" ಎಂದೆ, ಎಲ್ಲರ ಎದುರು.

"ಎಂತ ಮಾರಾಯ್ತಿ, ಸತ್ತ ಹಕ್ಕಿಗೆ ಮೀನು ತಿನ್ನಿಸ್ಲಿಕ್ಕೆ ನನಗೆಂತ ಹುಚ್ಚಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಹಾಗಾದ್ರೆ ನೆಗೆಟಿವ್ ತೋರಿಸಿ. ಇಡೀ ಪಟ್ಟಿ."

ಅವರ ಮುಖ ಸಣ್ಣದಾಯಿತು. "ಉಂಟು. ಆದ್ರೆ ತೋರಿಸುದಿಲ್ಲ."

"ಯಾಕೆ?"

ಅಣ್ಣ ಪಕ್ಕದಲ್ಲಿದ್ದ ಪ್ರಾಣಿಶಾಸ್ತ್ರದ ಪ್ರೊಫೆಸರರನ್ನು ಒಮ್ಮೆ ನೋಡಿ, ತಾವೇ ಫೋಟೋ ಕೆಳಗಿಳಿಸಿದರು. ಇದಕ್ಕಿಂತ ತಪ್ಪೊಪ್ಪಿಗೆ ಬೇಕೇ? ಮರುದಿನ ಮ್ಯೂಸಿಯಂ ಕೀ ಅವರ ಕೈ ತಪ್ಪಿತು. ನಿವೃತ್ತಿಯವರೆಗೂ ಅವರು ಕಾಲೇಜಿನ ಗಂಟೆ ಹೊಡೆದರು...

ಹೋದ ತಿಂಗಳು ತೀರಿಕೊಂಡರಂತೆ. ಲಕೋಟೆ ತಂದುಕೊಟ್ಟವರು ಅವರ ಹೆಂಡತಿ. ಮೇಲೆ ಅವರದೇ ಅಕ್ಷರ: "ವಾದದ ಹುಡುಗಿಗೆ. ಈಗ ನೋಡಬಹುದು."

ಒಳಗಿದ್ದ ನೆಗೆಟಿವ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲನೆಯದರಲ್ಲಿ ನೇತ್ರಾವತಿಯ ಮಣ್ಣಿನ ದಂಡೆ, ಅದರಲ್ಲೊಂದು ತೂತು, ಹಿಂದೆ ಉಳ್ಳಾಲದ ಕಡೆಯ ರೈಲು ಸೇತುವೆ. ಎರಡನೆಯದು ಅದೇ ಫೋಟೋ. ಮೂರನೆಯದರಲ್ಲಿ ಹಕ್ಕಿ ತೂತಿಗೆ ನುಗ್ಗುತ್ತಿದೆ, ಬಾಲ ಮಾತ್ರ ಹೊರಗೆ. ಗೂಡಿನ ವಿಳಾಸ ಬರೆದಿಟ್ಟ ಹಾಗಿತ್ತು. ಅಂದು ತೋರಿಸಿದ್ದರೆ ಮರುದಿನವೇ ನಾವು ಹೋಗಿ ಅಗೆಯುತ್ತಿದ್ದೆವು. ಗೂಡು, ಮೊಟ್ಟೆ ತಂದವರಿಗೆ ಆ ಪ್ರೊಫೆಸರರು ಪ್ರಾಕ್ಟಿಕಲ್‌ನಲ್ಲಿ ಹೆಚ್ಚು ಅಂಕ ಕೊಡುತ್ತಿದ್ದರು.

ಸರಿ, ಒಪ್ಪಿದೆ. ಆದರೆ "ಈಗ" ಯಾಕೆ? ಸತ್ತವರನ್ನು ಯಾರೂ ಮರುಪ್ರಶ್ನೆ ಕೇಳಲಾರರು ಎಂದೇ? ಹಳೆಯ ಚಟ, ಬಿಡಲಿಲ್ಲ. ನಿನ್ನೆ ಬಸ್ಸು ಹತ್ತಿ ಹೊಳೆ ದಾಟಿದೆ. ಸೇತುವೆ ಅಲ್ಲೇ ಇತ್ತು. ಪಟ್ಟಿ ಎತ್ತಿ ಹಿಡಿದು, ಕಂಬ ಎಣಿಸಿ, ತೂತಿದ್ದ ಜಾಗಕ್ಕೆ ಹೋಗಿ ನಿಂತೆ. ದಂಡೆಯುದ್ದಕ್ಕೂ ಕಲ್ಲು ಕಟ್ಟಿದ್ದರು, ಸಂದಿಗಳಿಗೆ ಸಿಮೆಂಟು. ಸುಮಾರು ಹೊತ್ತು ಕಾದೆ... ಗೂಡಿಲ್ಲ, ಹಕ್ಕಿಯಿಲ್ಲ, ಅಣ್ಣನೂ ಇಲ್ಲ. ಬಚ್ಚಿಡಲಿಕ್ಕೆ ಏನೂ ಉಳಿದಿಲ್ಲವೆಂದೇ ಆ "ಈಗ".